ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಣಿಶಾಸ್ತ್ರ: ಹೆಸರುಗಳಿಂದ ಪ್ರಶ್ನೆಗಳಿಗೆ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಒಂಟಿಯಾಗಿ ಬರುವುದು ಅಪರೂಪ. ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳ ಜೊತೆ ಸೇರಿದ ‘ಸಿಬಿಝಡ್’ ಗುಂಪಿನ ಕೊನೆಯ ಅಕ್ಷರವಾಗಿ ಅದು ವಿದ್ಯಾರ್ಥಿಗಳಿಗೆ ಪರಿಚಿತ. ಕೆಲವು ಕಾಲೇಜುಗಳಲ್ಲಿ ಸಸ್ಯಶಾಸ್ತ್ರದ ಜಾಗದಲ್ಲಿ ಜೈವಿಕ ತಂತ್ರಜ್ಞಾನವೋ ಸೂಕ್ಷ್ಮಜೀವಶಾಸ್ತ್ರವೋ ಕೂತಿರುತ್ತದೆ. ಈ ಗುಂಪನ್ನು ಆಸೆಪಟ್ಟು ಆರಿಸಿಕೊಂಡವರೂ ಇರುತ್ತಾರೆ, ನೀಟ್ ಪರೀಕ್ಷೆಯಲ್ಲಿ ಸೀಟು ಸಿಗದೆ ಬಂದವರೂ ಇರುತ್ತಾರೆ. ಕೊನೆಯ ವರ್ಷ ತಲುಪುವ ಹೊತ್ತಿಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ರೆಕಾರ್ಡ್ ಪುಸ್ತಕ ತುಂಬುತ್ತಿರುತ್ತಾರೆ.

ಈ ಪದವಿಯ ಚೌಕಟ್ಟು ಇತ್ತೀಚಿನ ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ಪದವಿಗೆ ನಾಲ್ಕನೆಯ ವರ್ಷವೂ ಸೇರಿಕೊಂಡಿತು. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮದ ವಿವರ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು, ಕಲಬುರಗಿ, ಶಿವಮೊಗ್ಗ ಎಲ್ಲೆಡೆ ಪತ್ರಿಕೆಗಳ ಹೆಸರು, ಅಂಕಗಳ ಹಂಚಿಕೆ ಒಂದೇ ತೆರನಾಗಿಲ್ಲ. ಆದರೂ ವಿಷಯ ಸಾಗುವ ದಾರಿ ಹೆಚ್ಚುಕಡಿಮೆ ಒಂದೇ.

ಮೊದಲ ವರ್ಷದಲ್ಲಿ ಅಕಶೇರುಕಗಳು: ಅಮೀಬಾ, ಹೈಡ್ರಾ, ಎರೆಹುಳು, ಜಿರಲೆ, ನಕ್ಷತ್ರಮೀನು. ಎರಡನೆಯ ವರ್ಷದಲ್ಲಿ ಬೆನ್ನೆಲುಬಿನ ಪ್ರಾಣಿಗಳು ಮತ್ತು ಅವುಗಳ ಅಂಗರಚನೆ, ಶರೀರಕ್ರಿಯೆ. ಆ ಎರಡು ವರ್ಷಗಳ ಓದು ಬಹುಮಟ್ಟಿಗೆ ಹೆಸರು, ಲಕ್ಷಣ, ಚಿತ್ರಗಳ ಓದು. ಕೋಟ್ಪಾಲರ ದಪ್ಪ ಪಠ್ಯಪುಸ್ತಕದ ಅಧ್ಯಾಯಗಳೂ ಒಂದೊಂದು ಪ್ರಾಣಿಯನ್ನು ಹಿಡಿದು, ಅದರ ಚರ್ಮದಿಂದ ಸಂತಾನೋತ್ಪತ್ತಿಯವರೆಗೆ ಒಂದೇ ಕ್ರಮದಲ್ಲಿ ಸಾಗುತ್ತವೆ.

ಮೂರನೆಯ ವರ್ಷದ ಪುಟ ತೆರೆದರೆ ಪ್ರಾಣಿಗಳ ಹೆಸರುಗಳೇ ಹಿಂದೆ ಸರಿದಿರುತ್ತವೆ. ತಳಿಶಾಸ್ತ್ರ, ಅಣುಜೀವಶಾಸ್ತ್ರ, ಭ್ರೂಣಶಾಸ್ತ್ರ, ಜೀವಿವಿಕಾಸ, ಪ್ರಾಣಿವರ್ತನೆ, ಪರಿಸರಶಾಸ್ತ್ರ, ಅನ್ವಯಿಕ ಪ್ರಾಣಿಶಾಸ್ತ್ರ ಎಂಬ ತಲೆಬರಹಗಳು ಎದುರಾಗುತ್ತವೆ. ಇದು ಯಾವ ಪ್ರಾಣಿ ಎಂದು ಕೇಳುತ್ತಿದ್ದ ಶಾಸ್ತ್ರ ಇದು ಹೀಗೇಕಿದೆ, ಹೀಗಾದದ್ದು ಹೇಗೆ ಎಂದು ಕೇಳತೊಡಗುತ್ತದೆ. ಕೊನೆಯ ವರ್ಷ ಕಷ್ಟ ಎನಿಸುವುದಕ್ಕೂ, ಕೆಲವರಿಗೆ ವಿಷಯದ ರುಚಿ ಹತ್ತುವುದಕ್ಕೂ ಈ ತಿರುವೇ ಕಾರಣ.

ರವೆ, ಬೆಲ್ಲ, ನೊಣ

ತಳಿಶಾಸ್ತ್ರದ ಪ್ರಯೋಗಗಳು ಹಣ್ಣಿನ ನೊಣದಿಂದ ಶುರುವಾಗುತ್ತವೆ. ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ, ಮೂರು ಮಿಲಿಮೀಟರ್ ಉದ್ದವೂ ಇರದ ಈ ಡ್ರೊಸೊಫಿಲಾ ಪ್ರಯೋಗಾಲಯಕ್ಕೆ ಹೇಳಿ ಮಾಡಿಸಿದ ಪ್ರಾಣಿ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ಪ್ರೌಢ ನೊಣವಾಗಲು ಸುಮಾರು ಹತ್ತು ದಿನ ಸಾಕು. ವರ್ಣತಂತುಗಳು ಬರೀ ನಾಲ್ಕು ಜೊತೆ. ಮೈಸೂರಿನ ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಇದರ ಆಹಾರದ ಪಾಕವೂ ಸರಳ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸಿ, ಬೂಸ್ಟು ಹಿಡಿಯದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ ಬೆರೆಸಿ, ಬಾಟಲಿಗೆ ಸುರಿದು ಆರಿಸುವುದು. ಮೇಲೆ ಒಂದೆರಡು ಹನಿ ಯೀಸ್ಟ್ ಹಾಕಿ ಹತ್ತಿಯ ಬಿರಡೆ ಒತ್ತಿದರೆ ನೊಣಗಳ ಮನೆ ಸಿದ್ಧ.

ವಿದ್ಯಾರ್ಥಿ ಮೊದಲು ಕಲಿಯುವುದು ಗಂಡು–ಹೆಣ್ಣುಗಳ ವ್ಯತ್ಯಾಸ ಗುರುತಿಸುವುದನ್ನು. ಗಂಡಿನ ಹೊಟ್ಟೆಯ ತುದಿ ದುಂಡಗೆ, ಕಪ್ಪಗೆ ಇರುತ್ತದೆ. ಮುಂಗಾಲಿನಲ್ಲಿ ಬಾಚಣಿಗೆಯಂಥ ಕೂದಲ ಸಾಲಿರುತ್ತದೆ. ಎರಡನೆಯ ಪಾಠ ಸಮಯದ್ದು. ಹೆಣ್ಣು ನೊಣ ಒಮ್ಮೆ ಕೂಡಿದರೆ ವೀರ್ಯವನ್ನು ದೇಹದೊಳಗೆ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಬೇರೆ ಗಂಡಿನ ಜೊತೆ ಬಿಟ್ಟರೆ ಮರಿಗಳ ತಂದೆ ಯಾರೆಂದು ಹೇಳುವಂತಿಲ್ಲ. ಪ್ಯೂಪಾದಿಂದ ಹೊರಬಂದ ಮೊದಲ ಎಂಟು ಗಂಟೆಗಳಲ್ಲಿ ಹೆಣ್ಣು ಕೂಡುವುದಿಲ್ಲವಾದ್ದರಿಂದ, ಆ ಅವಧಿಯೊಳಗೇ ಹೆಣ್ಣುಗಳನ್ನು ಆರಿಸಿ ಬೇರ್ಪಡಿಸಬೇಕು. ಕಾಲೇಜಿನ ವೇಳಾಪಟ್ಟಿ ನೊಣದ ವೇಳಾಪಟ್ಟಿಗೆ ಬಗ್ಗಬೇಕಾಗುವುದು ಇಲ್ಲಿಯೇ.

ಆಮೇಲಿನದು ಥಾಮಸ್ ಹಂಟ್ ಮಾರ್ಗನ್ ನಡೆದ ದಾರಿ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅವರ ಪ್ರಯೋಗಾಲಯದಲ್ಲಿ, ಕೆಂಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನ ಒಂದು ಗಂಡು ಕಾಣಿಸಿತು. ಅದನ್ನು ಕೆಂಗಣ್ಣಿನ ಹೆಣ್ಣಿನ ಜೊತೆ ಕೂಡಿಸಿದಾಗ ಹುಟ್ಟಿದ ಮರಿಗಳ ಕಣ್ಣು ಕೆಂಪು. ಆ ಮರಿಗಳ ಮರಿಗಳಲ್ಲಿ ಮೂರು ಪಾಲು ಕೆಂಪು, ಒಂದು ಪಾಲು ಬಿಳಿ, ಬಿಳಿಗಣ್ಣಿನವೆಲ್ಲ ಗಂಡೇ. ಕೂಡಿಕೆಯನ್ನು ತಿರುಗಿಸಿ, ಬಿಳಿಗಣ್ಣಿನ ಹೆಣ್ಣಿಗೆ ಕೆಂಗಣ್ಣಿನ ಗಂಡನ್ನು ಬಿಟ್ಟರೆ ಹೆಣ್ಣುಮರಿಗಳು ಕೆಂಪು, ಗಂಡುಮರಿಗಳು ಬಿಳಿ. ಕಣ್ಣಿನ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ ಎಂಬುದು ಇದರಿಂದ ಗೊತ್ತಾಯಿತು. ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಂತು.

ಅದೇ ಪ್ರಯೋಗಾಲಯದ ಇನ್ನೊಂದು ಸಂಗತಿ ಪದವಿ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಆಲ್ಫ್ರೆಡ್ ಸ್ಟರ್ಟೆವೆಂಟ್ ಆಗ ಮಾರ್ಗನ್ ಬಳಿ ಕೆಲಸಮಾಡುತ್ತಿದ್ದ, ಇಪ್ಪತ್ತರ ಆಸುಪಾಸಿನ ಪದವಿ ವಿದ್ಯಾರ್ಥಿ. ಎರಡು ಲಕ್ಷಣಗಳು ಎಷ್ಟು ಸಲ ಬೇರ್ಪಡುತ್ತವೆ ಎಂಬ ಲೆಕ್ಕದಿಂದ ಅವುಗಳ ಜೀನ್‌ಗಳು ವರ್ಣತಂತುವಿನ ಮೇಲೆ ಎಷ್ಟು ದೂರದಲ್ಲಿವೆ ಎಂದು ಹೇಳಬಹುದಲ್ಲ ಎಂದು 1911ರಲ್ಲಿ ಅವರಿಗೆ ಹೊಳೆಯಿತು. ಪ್ರಯೋಗದ ಅಂಕಿಗಳನ್ನು ಮನೆಗೊಯ್ದು, ಕಾಲೇಜಿನ ಪಾಠ ಬದಿಗಿಟ್ಟು, ಆ ರಾತ್ರಿಯ ಬಹುಭಾಗ ಕೂತು ಮೊತ್ತಮೊದಲ ಜೀನ್ ನಕ್ಷೆ ತಯಾರಿಸಿದರು. 1913ರಲ್ಲಿ ಅದು ಪ್ರಕಟವಾಯಿತು. ಇಂದಿನ ಪರೀಕ್ಷೆಯಲ್ಲಿ ಕೇಳುವ ಜೀನ್ ನಕ್ಷೆಯ ಲೆಕ್ಕ ಅವರದೇ ವಿಧಾನ.

ನೊಣಗಳನ್ನು ಎಣಿಸುವುದರಿಂದ ವಿದ್ಯಾರ್ಥಿ ಕಲಿಯುವ ದೊಡ್ಡ ಪಾಠ ಸಂಖ್ಯಾಶಾಸ್ತ್ರದ್ದು. ಮೂರಕ್ಕೆ ಒಂದು ಎಂದು ಪುಸ್ತಕ ಹೇಳುತ್ತದೆ. ನೂರು ನೊಣ ಎಣಿಸಿದರೆ 75–25 ಸಿಗುವುದು ಅಪರೂಪ. 71–29 ಸಿಕ್ಕಿತೆನ್ನೋಣ. ಈ ವ್ಯತ್ಯಾಸ ಆಕಸ್ಮಿಕವೋ, ಊಹೆಯೇ ತಪ್ಪೋ? ಕೈ–ವರ್ಗ ಪರೀಕ್ಷೆ ಮಾಡಿದರೆ ಬರುವ ಬೆಲೆ ಸುಮಾರು 0.85, ಕೋಷ್ಟಕದ ಮಿತಿ 3.84. ಮಿತಿಗಿಂತ ಕಡಿಮೆ ಇರುವುದರಿಂದ ಮೂರಕ್ಕೆ ಒಂದು ಎಂಬ ಊಹೆಯನ್ನು ತಳ್ಳಿಹಾಕಲು ಕಾರಣವಿಲ್ಲ. ಪಿಯುಸಿಗೇ ಗಣಿತಕ್ಕೆ ಕೈಮುಗಿದು ಜೀವಶಾಸ್ತ್ರ ಹಿಡಿದವರಿಗೆ ಗಣಿತ ಹೀಗೆ ಹಿಂಬಾಗಿಲಿನಿಂದ ಮರಳಿ ಬರುತ್ತದೆ.

ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯ ಪ್ರಯೋಗಕ್ಕೆ ಕೈಚಳಕ ಬೇಕು. ಮೂರನೆಯ ಹಂತದ ಲಾರ್ವಾದ ತಲೆಯ ಭಾಗವನ್ನು ಲವಣದ್ರಾವಣದಲ್ಲಿ ಸೂಜಿಯಿಂದ ಎಳೆದು, ಗ್ರಂಥಿಯನ್ನು ಬಿಡಿಸಿ, ಅಸಿಟೊ–ಆರ್ಸೀನ್ ಬಣ್ಣ ಕಟ್ಟಿ, ಗಾಜಿನ ಚೂರು ಮುಚ್ಚಿ ಹೆಬ್ಬೆರಳಿನಿಂದ ಹದವಾಗಿ ಒತ್ತಬೇಕು. ಸರಿಯಾಗಿ ಬಂದರೆ ಅಡ್ಡಪಟ್ಟೆಗಳ ದೈತ್ಯ ವರ್ಣತಂತುಗಳು ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುತ್ತವೆ. ಇಂಥ ವರ್ಣತಂತುಗಳನ್ನು ಬಾಲ್ಬಿಯಾನಿ 1881ರಲ್ಲೇ ಬೇರೊಂದು ಕೀಟದ ಮರಿಯಲ್ಲಿ ಕಂಡಿದ್ದರು.

ಈ ಅಧ್ಯಾಯಕ್ಕೆ ಕನ್ನಡ ನಾಡಿನದೇ ಉದಾಹರಣೆಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿಗಳ ಸಂಗ್ರಹ ಕೇಂದ್ರವಿದೆ. ಅಲ್ಲಿ ನಸೂಟಾ ಎಂಬ ಎಂಟು ವರ್ಣತಂತುಗಳ ನೊಣವನ್ನೂ ಅದರ ಬಳಗದ, ಆರೇ ವರ್ಣತಂತುಗಳ ಆಲ್ಬೊಮಿಕಾನ್ಸ್ ನೊಣವನ್ನೂ ಕೂಡಿಸಿ ಪಡೆದ ಹೊಸ ತಳಿಗಳನ್ನು ಜೀವಿವಿಕಾಸದ ಅಧ್ಯಯನಕ್ಕೆ ಬಳಸಲಾಗಿದೆ. ಸಸ್ತನಿಗಳಲ್ಲೇ ಅತಿ ಕಡಿಮೆ ವರ್ಣತಂತುಗಳಿರುವುದು ಪಶ್ಚಿಮಘಟ್ಟದ ಕಾಡುಗಳಲ್ಲೂ ಓಡಾಡುವ ಕಾಡುಕುರಿಗೆ: ಹೆಣ್ಣಿಗೆ ಆರು, ಗಂಡಿಗೆ ಏಳು. ಮನುಷ್ಯನದು 46.

ಮೊಟ್ಟೆಯೊಳಗಿನ ಗಡಿಯಾರ

ಭ್ರೂಣಶಾಸ್ತ್ರಕ್ಕೆ ಕೋಳಿಮೊಟ್ಟೆಯೇ ಆಧಾರ. ಅಂಗಡಿಯ ಮೊಟ್ಟೆ ಇದಕ್ಕಾಗದು, ಅದರಲ್ಲಿ ಭ್ರೂಣವಿರುವುದಿಲ್ಲ; ಹ್ಯಾಚರಿಯಿಂದ ಫಲಿತ ಮೊಟ್ಟೆ ತರಬೇಕು. ಸುಮಾರು 38 ಡಿಗ್ರಿ ಉಷ್ಣತೆಯಲ್ಲಿ ಕಾವಿಗಿಟ್ಟರೆ 21ನೆಯ ದಿನ ಮರಿ. ಪಠ್ಯಕ್ರಮಕ್ಕೆ ಬೇಕಾದ್ದು ಮೊದಲ ನಾಲ್ಕು ದಿನಗಳು ಮಾತ್ರ. 24 ಗಂಟೆಗೆ ತಲೆಯ ಮಡಿಕೆ ಮೂಡಿ ನರಕೊಳವೆ ಮುಚ್ಚತೊಡಗುತ್ತದೆ. 33 ಗಂಟೆಯ ಹೊತ್ತಿಗೆ ಮಿದುಳಿನ ಮೂರು ಉಬ್ಬುಗಳೂ ಹೃದಯದ ಕೊಳವೆಯೂ ಕಾಣುತ್ತವೆ. ಹೃದಯ ಮಿಡಿಯಲು ಶುರುಮಾಡುವುದೂ ಈ ಆಸುಪಾಸಿನಲ್ಲೇ. 48 ಗಂಟೆಗೆ ದೇಹ ಬಾಗಿ ಪಕ್ಕಕ್ಕೆ ಹೊರಳತೊಡಗಿರುತ್ತದೆ. 72 ಗಂಟೆಗೆ ರೆಕ್ಕೆ ಮತ್ತು ಕಾಲುಗಳ ಮೊಗ್ಗುಗಳು ಕಾಣುತ್ತವೆ.

ಬಹುತೇಕ ಕಾಲೇಜುಗಳಲ್ಲಿ ಇವೆಲ್ಲ ಬಣ್ಣ ಕಟ್ಟಿದ ಸಿದ್ಧ ಸ್ಲೈಡುಗಳಾಗಿಯೇ ವಿದ್ಯಾರ್ಥಿಗಳ ಕಣ್ಣಿಗೆ ಬೀಳುತ್ತವೆ. ಕೆಲವೆಡೆ ಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿ ಕೊರೆದು ಜೀವಂತ ಭ್ರೂಣ ತೋರಿಸುವ ಪದ್ಧತಿಯೂ ಇದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಮಾಡಿದ್ದು ಇದನ್ನೇ. ಕಾವಿಗಿಟ್ಟ ಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು, ಮೂರನೆಯ ದಿನದ ಹೊತ್ತಿಗೆ ಮಿಡಿಯುವ ರಕ್ತದ ಚುಕ್ಕೆಯೊಂದು ಕಾಣುತ್ತದೆಂದು ಅವನು ಬರೆದಿಟ್ಟ.

ಒಂದೇ ಬಗೆಯ ಕೋಶಗಳಲ್ಲಿ ಕೆಲವು ಚರ್ಮವಾಗಿ, ಕೆಲವು ನರವಾಗಿ ಬೆಳೆಯುವುದು ಏಕೆ ಎಂಬುದು ಈ ಪತ್ರಿಕೆಯ ಮುಖ್ಯ ಪ್ರಶ್ನೆ. ಇದಕ್ಕೆ ದಾರಿ ತೋರಿಸಿದವರು ಜರ್ಮನಿಯ ಹಾನ್ಸ್ ಸ್ಪೆಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್. ನ್ಯೂಟ್ ಎಂಬ ಉಭಯಚರದ ಒಂದು ಭ್ರೂಣದಿಂದ ಚಿಕ್ಕ ತುಣುಕನ್ನು ಕತ್ತರಿಸಿ ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಕಸಿಮಾಡಿದಾಗ ಅಲ್ಲಿ ಎರಡನೆಯ ದೇಹವೇ ಬೆಳೆಯಿತು. ಕಸಿಯಾದ ತುಣುಕು ತಾನು ಬೆಳೆದದ್ದಷ್ಟೇ ಅಲ್ಲದೆ ಸುತ್ತಲ ಕೋಶಗಳಿಗೂ ದಾರಿ ತೋರಿಸಿತ್ತು. 1924ರಲ್ಲಿ ಇದು ಪ್ರಕಟವಾದ ವರ್ಷವೇ, ಅಡುಗೆಮನೆಯ ಒಲೆಯ ಬೆಂಕಿ ತಗುಲಿ ಹಿಲ್ಡೆ ತೀರಿಕೊಂಡರು. ಸ್ಪೆಮನ್‌ಗೆ 1935ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ಹೀಗೆ ದಾರಿ ತೋರಿಸುವ ತುಣುಕಿನ, ಅಂದರೆ ‘ಸಂಘಟಕ’ದ ಬಗ್ಗೆ ಟಿಪ್ಪಣಿ ಬರೆಯುವ ವಿದ್ಯಾರ್ಥಿ ಈ ಇಬ್ಬರ ಹೆಸರನ್ನೂ ಬರೆಯಬೇಕು.

ಕಣಜದ ಗೂಡು, ಜೀವಿವಿಕಾಸದ ಪ್ರಶ್ನೆ

ಜೀವಿವಿಕಾಸದ ಪತ್ರಿಕೆಯಲ್ಲಿ ಡಾರ್ವಿನ್‌ನ 1859ರ ಗ್ರಂಥ, ಪಳೆಯುಳಿಕೆಗಳು, ಕುದುರೆಯ ವಂಶಾವಳಿ, ಹೊಸ ಪ್ರಭೇದ ಹುಟ್ಟುವ ಬಗೆ ಇವೆಲ್ಲ ಇರುತ್ತವೆ. 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಪ್ರತ್ಯೇಕವಾಗಿ ತೋರಿಸಿಕೊಟ್ಟ ಸಮತೋಲನದ ಸೂತ್ರ ಇಲ್ಲಿನ ಲೆಕ್ಕದ ಭಾಗ. ಇದರ ಪ್ರಯೋಗಕ್ಕೆ ತರಗತಿಯೇ ಪ್ರಯೋಗಾಲಯವಾಗುತ್ತದೆ. ಪಿಟಿಸಿ ಎಂಬ ರಾಸಾಯನಿಕ ಹಚ್ಚಿದ ಕಾಗದದ ಚೂರನ್ನು ಎಲ್ಲರೂ ನಾಲಿಗೆಯ ಮೇಲಿಟ್ಟುಕೊಳ್ಳುತ್ತಾರೆ. ಕೆಲವರು ಕಹಿಯೆಂದು ಮುಖ ಸಿಂಡರಿಸುತ್ತಾರೆ, ಕೆಲವರಿಗೆ ಬರೀ ಕಾಗದದ ರುಚಿ. ಕಹಿ ಹತ್ತದವರ ಪ್ರಮಾಣದಿಂದ ಆ ತರಗತಿಯಲ್ಲಿ ಆ ಜೀನ್ ರೂಪಗಳ ಆವರ್ತನವನ್ನು ಲೆಕ್ಕಹಾಕುತ್ತಾರೆ. ನಾಲಿಗೆ ಮಡಿಸುವುದು, ಕಿವಿಯ ಹಾಲೆ ಅಂಟಿರುವುದು ಮುಂತಾದ ಲಕ್ಷಣಗಳನ್ನೂ ಹೀಗೆಯೇ ಎಣಿಸುವ ರೂಢಿಯಿದೆ. ಆದರೆ ಅವು ಒಂದೇ ಜೀನಿನ ಆಟವಲ್ಲ ಎಂಬುದು ಈಗ ಗೊತ್ತಿರುವುದರಿಂದ ಅವನ್ನು ಲೆಕ್ಕದ ಅಭ್ಯಾಸಕ್ಕಷ್ಟೇ ಬಳಸಬೇಕು.

ಪ್ರಾಣಿವರ್ತನೆಯ ಅಧ್ಯಯನಕ್ಕೆ ಶಾಸ್ತ್ರದ ಮನ್ನಣೆ ಗಟ್ಟಿಯಾದದ್ದು 1973ರಲ್ಲಿ, ಲೊರೆಂಟ್ಸ್, ಟಿನ್‌ಬರ್ಗನ್, ಫಾನ್ ಫ್ರಿಶ್ ಮೂವರಿಗೆ ನೊಬೆಲ್ ಬಂದಾಗ. ಜೇನುಹುಳು ಗೂಡಿಗೆ ಮರಳಿ ಕುಣಿಯುತ್ತ ಹೂವಿನ ದಿಕ್ಕು, ದೂರಗಳನ್ನು ಉಳಿದ ಹುಳುಗಳಿಗೆ ತಿಳಿಸುತ್ತದೆ ಎಂದು ಕಂಡುಕೊಂಡವರು ಫಾನ್ ಫ್ರಿಶ್. ಈ ಪತ್ರಿಕೆಗೆ ದುಬಾರಿ ಉಪಕರಣ ಬೇಕಿಲ್ಲ. ತಾಳ್ಮೆ, ಗಡಿಯಾರ, ನೋಟ್‌ಬುಕ್ಕು ಇದ್ದರಾಯಿತು.

ಅದಕ್ಕೆ ಬೆಂಗಳೂರಿನದೇ ಉದಾಹರಣೆ ರಾಘವೇಂದ್ರ ಗದಗ್‌ಕರ್ ಅವರದು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರು. ಆದರೆ ಅವರ ಹೆಸರು ಬೆಸೆದುಕೊಂಡಿರುವುದು ಕಟ್ಟಡಗಳ ಕಿಟಕಿ, ಸಜ್ಜೆಗಳಲ್ಲಿ ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಜೊತೆ. ಪ್ರತಿ ಕಣಜದ ಮೈಮೇಲೂ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ, ಯಾವುದು ಯಾರನ್ನು ಕುಕ್ಕಿತು, ಯಾವುದು ಆಹಾರ ತಂದಿತು ಎಂದು ಬರೆದಿಡುವುದು ಅವರ ವಿಧಾನ. ಈ ಕಣಜದ ರಾಣಿ ಬಡಿದಾಡುವವಳಲ್ಲ, ಸೌಮ್ಯ ಸ್ವಭಾವದವಳು. ಅವಳನ್ನು ತೆಗೆದರೆ ಕೆಲಸಗಾರರಲ್ಲಿ ಒಂದು ತಟ್ಟನೆ ವಿಪರೀತ ಆಕ್ರಮಣಶೀಲವಾಗುತ್ತದೆ. ಕೆಲವು ದಿನಗಳಲ್ಲಿ ಅದೇ ಹೊಸ ರಾಣಿಯಾಗಿ ಮೊಟ್ಟೆಯಿಡುತ್ತದೆ. ತನ್ನ ಮರಿಗಳಿಲ್ಲದೆ ಇತರರ ಮರಿಗಳಿಗಾಗಿ ದುಡಿಯುವ ಜೀವಿ ವಿಕಾಸದಲ್ಲಿ ಉಳಿದುಬಂದದ್ದು ಹೇಗೆ ಎಂಬ ದೊಡ್ಡ ಪ್ರಶ್ನೆಯನ್ನು ಹೀಗೆ ಕಿಟಕಿಯ ಪಕ್ಕದಲ್ಲೇ ಕೇಳಬಹುದು.

ಮೇಜಿನಿಂದ ಮರೆಯಾದ ಕಪ್ಪೆ

ಹಿಂದಿನ ತಲೆಮಾರಿನ ಸಿಬಿಝಡ್ ಪದವೀಧರರಿಗೆ ಪ್ರಾಣಿಶಾಸ್ತ್ರವೆಂದರೆ ಡಿಸೆಕ್ಷನ್. ಮೇಣದ ತಟ್ಟೆ, ಗುಂಡುಸೂಜಿ, ಸ್ಕಾಲ್ಪೆಲ್, ಚಿಮುಟಗಳ ಪೆಟ್ಟಿಗೆ ಪ್ರತಿಯೊಬ್ಬರ ಬಳಿಯೂ ಇರುತ್ತಿತ್ತು. ಎರೆಹುಳು, ಜಿರಲೆ, ಸಿಗಡಿ, ಕಪ್ಪೆ, ಓತಿಕ್ಯಾತ, ಚಿಕ್ಕ ಶಾರ್ಕ್, ಇಲಿ ಇವು ಬೇರೆಬೇರೆ ಪಠ್ಯಕ್ರಮಗಳಲ್ಲಿ ಮೇಜಿನ ಮೇಲೆ ಬರುತ್ತಿದ್ದ ಪ್ರಾಣಿಗಳು. ನರಗಳನ್ನು ಕಡಿಯದೆ ಬಿಡಿಸುವುದು ಒಳ್ಳೆಯ ಕೈಯ ಲಕ್ಷಣ ಎನಿಸಿತ್ತು.

ಬದಲಾವಣೆಯ ಹಿಂದೆ ಹಲವು ಕಾರಣಗಳಿವೆ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಗದ್ದೆಗಳ ಕೀಟ ತಿಂದು ಬದುಕುವ ಕಪ್ಪೆಗಳು ರಫ್ತಿಗಾಗಿ ಬಲಿಯಾಗುತ್ತಿದ್ದುದು ದೊಡ್ಡ ಚರ್ಚೆಯಾಗಿ, ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿತು. ಕಾಲೇಜುಗಳ ಬೇಡಿಕೆಗೆ ಹಿಡಿಯುತ್ತಿದ್ದ ಪ್ರಾಣಿಗಳೂ ಬಹುತೇಕ ಸಾಕಿದವಲ್ಲ, ನಿಸರ್ಗದಿಂದಲೇ ಬರುತ್ತಿದ್ದವು. ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಡಿಸೆಕ್ಷನ್ನನ್ನು ಹಂತಹಂತವಾಗಿ ಕಡಿಮೆ ಮಾಡುವ ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ಪದವಿ, ಸ್ನಾತಕೋತ್ತರ ಎರಡೂ ಹಂತಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸುವಂತೆ ಸೂಚಿಸಿತು.

ಅದರ ಜಾಗಕ್ಕೆ ಮಾದರಿಗಳು, ಪಟಗಳು, ಕಂಪ್ಯೂಟರ್ ಪರದೆಯ ಮೇಲಿನ ಡಿಸೆಕ್ಷನ್ ಬಂದವು. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಪರದೆಯ ಮೇಲಿನ ಕಪ್ಪೆಯನ್ನು ಎಷ್ಟು ಸಲ ಬೇಕಾದರೂ ತೆರೆದು ಮುಚ್ಚಬಹುದು. ಆದರೆ ಎರಡು ಕಪ್ಪೆಗಳ ಒಳಗು ಒಂದೇ ತೆರನಾಗಿರುವುದಿಲ್ಲ ಎಂಬ ಅನುಭವ ಅಲ್ಲಿ ಸಿಗದು. ಈ ಕೊರತೆ ತುಂಬಲು ಜೀವಂತ ಪ್ರಾಣಿಗಳನ್ನು ಸಾಕಿ ನೋಡುವ ಪ್ರಯೋಗಗಳು ಉತ್ತಮ ದಾರಿ: ಒಣಹುಲ್ಲು ನೆನೆಸಿದ ನೀರಿನಲ್ಲಿ ಪ್ಯಾರಾಮೀಸಿಯಂ ಬೆಳೆಸುವುದು, ಸೂಕ್ಷ್ಮದರ್ಶಕದಡಿ ಡಾಫ್ನಿಯಾದ ಹೃದಯಬಡಿತ ಎಣಿಸುವುದು, ಹೈಡ್ರಾದ ಮರುಬೆಳವಣಿಗೆ ಗಮನಿಸುವುದು. ಪ್ರಾಣಿಯ ಒಳಗನ್ನು ತೋರಿಸುತ್ತಿದ್ದ ಮೇಜು ಈಗ ಅದರ ಬದುಕನ್ನು ತೋರಿಸಬೇಕಾಗಿದೆ.

ರೇಷ್ಮೆ, ಜೇನು, ಮಂಗನ ಕಾಯಿಲೆ

ಅನ್ವಯಿಕ ಪ್ರಾಣಿಶಾಸ್ತ್ರದಲ್ಲಿ ಕರ್ನಾಟಕದ ವಿದ್ಯಾರ್ಥಿಗೆ ಊರಿನದೇ ಪಾಠಗಳು ಸಿಗುತ್ತವೆ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯದ ಕಡೆಯ ಎಷ್ಟೋ ಮಕ್ಕಳು ಹಿಪ್ಪುನೇರಳೆ ಸೊಪ್ಪು ಕೊಯ್ದು, ಚಂದ್ರಿಕೆಗೆ ಹುಳು ಬಿಟ್ಟು ಬಂದವರೇ. ರೇಷ್ಮೆಹುಳು ಸುಮಾರು 25 ದಿನಗಳಲ್ಲಿ ನಾಲ್ಕು ಸಲ ಪೊರೆ ಕಳಚಿ ಗೂಡು ಕಟ್ಟುತ್ತದೆ. ರೈತರು ಜ್ವರ ಎಂದು ಕರೆಯುವ ಈ ಪೊರೆ ಕಳಚುವ ಹಂತವನ್ನು ನಡೆಸುವುದು ಎಕ್ಡೈಸೋನ್ ಮತ್ತು ಜುವೆನೈಲ್ ಹಾರ್ಮೋನುಗಳೆಂದು ತರಗತಿಯಲ್ಲಿ ಓದುವಾಗ ಮನೆಯ ಅನುಭವಕ್ಕೆ ಕಾರಣ ಸಿಗುತ್ತದೆ. ಮೈಸೂರು ತಳಿಯ ಗಟ್ಟಿತನವನ್ನೂ ದ್ವಿತಳಿಯ ಉದ್ದನೆಯ ಎಳೆಯನ್ನೂ ಒಂದೆಡೆ ತರುವ ಮಿಶ್ರತಳಿ ಬೆಳೆಯ ಹಿಂದೆ ಇರುವುದು ಮೆಂಡೆಲನ ಶಾಸ್ತ್ರವೇ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಬೆಳೆ ಹಾಳುಮಾಡಿದ ಊಜಿ ನೊಣವೂ, ಅದರ ಪ್ಯೂಪಾದ ಕವಚದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಪರತಂತ್ರ ಕಣಜವೂ ಜೈವಿಕ ನಿಯಂತ್ರಣದ ಸಿದ್ಧ ಉದಾಹರಣೆಗಳು.

ಜೇನಿನ ಅಧ್ಯಾಯದಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿಗಳ ವ್ಯತ್ಯಾಸ ಬರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆಯನ್ನು ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದಾದ್ಯಂತ ಬಡಿಯಿತು. ಮಲೆನಾಡು, ಕೊಡಗುಗಳ ಜೇನುಸಾಕಣೆ ಆಗ ನೆಲಕಚ್ಚಿತು.

ಪರೋಪಜೀವಿಗಳ ಪಾಠಕ್ಕೂ ಮಲೆನಾಡಿನದೇ ನಿದರ್ಶನವಿದೆ: ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದರ ವೈರಸ್ಸನ್ನು ಗುರುತಿಸಿದರು. ಕಾಡಿನ ಉಣುಗು ಈ ವೈರಸ್ಸನ್ನು ಹೊತ್ತು ತಿರುಗುತ್ತದೆ. ಸಣ್ಣ ಸಸ್ತನಿಗಳು, ಮಂಗ, ದನ, ಮನುಷ್ಯ ಎಲ್ಲರೂ ಉಣುಗಿನ ಜೀವನಚಕ್ರದ ದಾರಿಯಲ್ಲಿ ಸಿಗುತ್ತಾರೆ. ಕಾಡಿಗೆ ಸೊಪ್ಪು, ಸೌದೆಗೆ ಹೋಗುವ ಬೇಸಿಗೆಯ ತಿಂಗಳುಗಳಲ್ಲೇ ಎಳೆಯ ಉಣುಗುಗಳ ಕಾಟ ಹೆಚ್ಚು. ವರ್ಗೀಕರಣ, ಜೀವನಚಕ್ರ, ಪರಿಸರ, ಸಾರ್ವಜನಿಕ ಆರೋಗ್ಯ ಈ ನಾಲ್ಕೂ ಒಂದೇ ಕಾಯಿಲೆಯಲ್ಲಿ ಹೆಣೆದುಕೊಂಡಿವೆ. ಕೊನೆಯ ವರ್ಷದ ಪತ್ರಿಕೆಗಳು ಬೇರೆಬೇರೆಯಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬಾಟಲಿಗಳ ಕೋಣೆ ಮತ್ತು ಹೊರಗಿನ ಕಾಡು

ಹಳೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಒಂದು ಸಂಗ್ರಹಾಲಯವಿರುತ್ತದೆ. ಫಾರ್ಮಲಿನ್ ತುಂಬಿದ ಗಾಜಿನ ಜಾಡಿಗಳಲ್ಲಿ ಹಾವು, ಮೀನು, ಸಮುದ್ರಸೌತೆ, ಲಾಡಿಹುಳು. ಕಪಾಟಿನಲ್ಲಿ ತಲೆಬುರುಡೆ, ಶಂಖ, ಹವಳ. ಎಷ್ಟೋ ಜಾಡಿಗಳ ಚೀಟಿ ಮಾಸಿ, ದ್ರಾವಣ ಹಳದಿಯಾಗಿರುತ್ತದೆ. ಎಲ್ಲಿ, ಯಾವಾಗ ಸಿಕ್ಕಿತೆಂಬ ಚೀಟಿ ಕಳೆದುಹೋದ ಮಾದರಿಗೆ ಶಾಸ್ತ್ರದಲ್ಲಿ ಬೆಲೆ ಬಹಳ ಕಡಿಮೆ.

ಈ ಮಾತಿನ ತೂಕ ತಿಳಿಯಲು ಸೆಂಟ್ರಲ್ ಕಾಲೇಜಿನ ಇತಿಹಾಸವನ್ನೇ ನೋಡಬಹುದು. ಅಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ನಾರಾಯಣರಾವ್ ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಮೊದಲು ವಿವರಿಸಿದವರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಅವರು 1937ರಲ್ಲಿ ವಿವರಿಸಿದ ಕಪ್ಪೆಗಳ ಮೂಲ ಮಾದರಿಗಳು ಆಮೇಲೆ ಕಳೆದುಹೋದವು. ಅವರು ನೋಡಿದ್ದು ಯಾವ ಕಪ್ಪೆಯನ್ನು ಎಂದು ನಿರ್ಧರಿಸಲು ಮುಂದಿನ ಸಂಶೋಧಕರು ಬಹಳ ತಿಣುಕಬೇಕಾಯಿತು. ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೊರ್ಕೆಸ್ಟಿಸ್ ಎಂದು ಅವರ ನೆನಪಿನಲ್ಲಿ ಹೆಸರಿಡಲಾಗಿದೆ.

ಕಪ್ಪೆಗಳ ಕಥೆ ಅಲ್ಲಿಗೆ ಮುಗಿದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಕಂಡ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಮುಂಗಾಲುಗಳಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಬೆನ್ನೆಲುಬಿನ ಪ್ರಾಣಿಯೊಂದರ ಇಂಥ ನಡವಳಿಕೆ ಕನ್ನಡ ನಾಡಿನ ತೊರೆಯಲ್ಲೇ ಅಷ್ಟು ಕಾಲ ಶಾಸ್ತ್ರದ ಕಣ್ಣಿಗೆ ಬೀಳದೆ ಉಳಿದಿತ್ತು.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಿಜವಾದ ಅವಕಾಶ ಇರುವುದು ಇಂಥ ಕಡೆ. ಊರಕೆರೆಯ ಹಕ್ಕಿಗಳ ಎಣಿಕೆ, ಕಾಲೇಜು ಆವರಣದ ಚಿಟ್ಟೆಗಳ ಪಟ್ಟಿ, ಮಳೆಗಾಲದ ಕಪ್ಪೆಗಳ ಕೂಗು, ದೀಪಕ್ಕೆ ಬರುವ ಪತಂಗಗಳು, ಬೇಸಾಯದ ಎರಡು ಬಗೆಯ ಮಣ್ಣಿನಲ್ಲಿ ಎರೆಹುಳುಗಳ ಸಂಖ್ಯೆ, ಇವುಗಳಿಗೆ ಖರ್ಚು ಅತಿ ಕಡಿಮೆ. ತೊಂಬತ್ತರ ದಶಕದಲ್ಲಿ ಮಾಧವ ಗಾಡ್ಗೀಳರ ಮುಂದಾಳತ್ವದಲ್ಲಿ ಪಶ್ಚಿಮಘಟ್ಟದ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳೇ ಸೇರಿ ಜೀವವೈವಿಧ್ಯದ ದಾಖಲೆ ಮಾಡಿದ್ದುಂಟು. ಇಂದು ಈ–ಬರ್ಡ್, ಐ–ನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಲ್ಲಿ ವಿದ್ಯಾರ್ಥಿಯ ದಾಖಲೆಯೂ ಸಂಶೋಧಕರ ಕೈಗೆ ಸಿಗುತ್ತದೆ. ದಿನಾಂಕ, ಸಮಯ, ಸ್ಥಳ, ಎಣಿಸಿದ ವಿಧಾನ ಈ ನಾಲ್ಕೂ ಬರೆದಿಟ್ಟ ಪುಟ್ಟ ಪ್ರಾಜೆಕ್ಟ್, ಅಂತರ್ಜಾಲದಿಂದ ಇಳಿಸಿ ಬೈಂಡ್ ಮಾಡಿಸಿದ ದಪ್ಪ ಪ್ರಾಜೆಕ್ಟ್‌ಗಿಂತ ಮೇಲು.

ಸ್ಪಾಟರ್, ರೆಕಾರ್ಡ್, ವೈವಾ

ಪ್ರಾಯೋಗಿಕ ಪರೀಕ್ಷೆಯ ದಿನ ಈ ಎಲ್ಲವೂ ಮೇಜಿನ ಮೇಲೆ ಸಾಲಾಗಿ ಬರುತ್ತವೆ. ಅದರಲ್ಲಿ ಸ್ಪಾಟರ್ ಭಾಗದ್ದೇ ಭಯ ಹೆಚ್ಚು. ಸಂಖ್ಯೆ ಬರೆದಿಟ್ಟ ಸ್ಲೈಡು, ಜಾಡಿ, ಚಿತ್ರ, ಉಪಕರಣಗಳ ಮುಂದೆ ಒಬ್ಬೊಬ್ಬರಾಗಿ ನಿಂತು, ಗಂಟೆ ಬಾರಿಸುವುದರೊಳಗೆ ಗುರುತಿಸಿ, ಕಾರಣ ಬರೆದು ಮುಂದಕ್ಕೆ ಸರಿಯಬೇಕು. ಜೊತೆಗೆ ತಳಿಶಾಸ್ತ್ರದ ಲೆಕ್ಕ, ಒಂದು ಪ್ರಯೋಗ, ರೆಕಾರ್ಡ್ ಪುಸ್ತಕ, ಹೊರಗಿನ ಪರೀಕ್ಷಕರ ವೈವಾ ಇರುತ್ತವೆ. ಪೆನ್ಸಿಲಿನಲ್ಲಿ ಬಿಡಿಸಿ ಹೆಸರು ಗುರುತಿಸಿದ ಚಿತ್ರ ಈ ಶಾಸ್ತ್ರದಲ್ಲಿ ಅಲಂಕಾರವಲ್ಲ, ನೋಡಿದ್ದಕ್ಕೆ ಸಾಕ್ಷಿ. ಸ್ಲೈಡು ನೋಡದೆ ಗೈಡಿನಿಂದ ನಕಲು ಮಾಡಿದ ಚಿತ್ರ ವೈವಾದ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಪದವಿಯ ಪಠ್ಯ ಇಂಗ್ಲಿಷಿನಲ್ಲಿರುವುದು ಇನ್ನೊಂದು ಹೊರೆ. ಲ್ಯಾಟಿನ್, ಗ್ರೀಕ್ ಮೂಲದ ಶಾಸ್ತ್ರೀಯ ಹೆಸರುಗಳು ಎಲ್ಲರಿಗೂ ಸಮಾನವಾಗಿ ಹೊಸವು. ತೊಡಕಾಗುವುದು ವಿವರಣೆಯ ವಾಕ್ಯಗಳು. ಅಧ್ಯಾಪಕರು ಕನ್ನಡದಲ್ಲಿ ವಿವರಿಸಿ, ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆಯುವ ಏರ್ಪಾಡು ಜಿಲ್ಲಾ, ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಸಾಮಾನ್ಯ.

ಮುಂದಿನ ದಾರಿಗಳು

ಕೊನೆಯ ಸೆಮಿಸ್ಟರಿನ ಜೊತೆಗೇ ಪ್ರವೇಶ ಪರೀಕ್ಷೆಗಳ ಕಾಲವೂ ಬರುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಹೆಚ್ಚಿನವರು ಹಿಡಿಯುವ ದಾರಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಸ್ನಾತಕೋತ್ತರ ಪರೀಕ್ಷೆ, ಐಐಟಿಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಯ ಸಮಗ್ರ ಪಿಎಚ್.ಡಿ.ಗೂ ಜ್ಯಾಮ್ ಪರೀಕ್ಷೆ ಇದೆ. ವನ್ಯಜೀವಿ ಅಧ್ಯಯನಕ್ಕೆ ಬೆಂಗಳೂರಿನ ಎನ್‌ಸಿಬಿಎಸ್, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗಳಲ್ಲಿ ಪ್ರತ್ಯೇಕ ಎಂ.ಎಸ್ಸಿ. ಕೋರ್ಸುಗಳಿವೆ, ಸೀಟು ಕಡಿಮೆ, ಸ್ಪರ್ಧೆ ಹೆಚ್ಚು. ಸಂಶೋಧನೆಯ ರುಚಿ ನೋಡಬೇಕೆನ್ನುವವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೊಶಿಪ್ ಪದವಿಯಲ್ಲಿರುವಾಗಲೇ ಸಿಗಬಹುದಾದ ಅವಕಾಶ.

ಕೆಲಸದ ಕಡೆ ನೋಡಿದರೆ ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವುದು ಹಳೆಯ, ಗಟ್ಟಿ ದಾರಿ. ಪದವಿ ಕಾಲೇಜಿನ ಅಧ್ಯಾಪಕರಾಗಲು ಎಂ.ಎಸ್ಸಿ. ಜೊತೆಗೆ ನೆಟ್ ಅಥವಾ ಕೆ–ಸೆಟ್ ಅರ್ಹತೆ, ಇಲ್ಲವೇ ಪಿಎಚ್.ಡಿ. ಬೇಕು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಅರ್ಹವಾದ ಪದವಿ ವಿಷಯಗಳಲ್ಲಿ ಪ್ರಾಣಿಶಾಸ್ತ್ರವೂ ಒಂದು. ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲೂ ಅದು ಇದೆ. ರೇಷ್ಮೆ, ಮೀನುಗಾರಿಕೆ, ಆಸ್ಪತ್ರೆ ಪ್ರಯೋಗಾಲಯ, ಔಷಧ ಕಂಪನಿಗಳ ಗುಣಮಟ್ಟ ವಿಭಾಗ, ಕೀಟ ನಿಯಂತ್ರಣ, ಪರಿಸರ ಸಮೀಕ್ಷೆ ಇವುಗಳಲ್ಲೂ ಪದವೀಧರರು ಸೇರಿಕೊಳ್ಳುತ್ತಾರೆ, ಹಲವಕ್ಕೆ ಮೇಲೊಂದು ತರಬೇತಿ ಅಗತ್ಯ. 1916ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯಂಥ ಸಂಸ್ಥೆಗಳಿಗೆ ಪ್ರಭೇದಗಳನ್ನು ಗುರುತಿಸಬಲ್ಲ ಕಣ್ಣುಗಳು ಇಂದಿಗೂ ಬೇಕು.

ಯಾವ ದಾರಿ ಹಿಡಿದರೂ ಈ ವರ್ಷದಿಂದ ಜೊತೆಗೆ ಒಯ್ಯಬೇಕಾದ ಸಾಮರ್ಥ್ಯಗಳು ಮೂರು: ಕಂಡದ್ದನ್ನು ಕಂಡಂತೆ ಬರೆದಿಡುವುದು, ಎಣಿಸಿದ್ದನ್ನು ಲೆಕ್ಕದಿಂದ ಒರೆಗೆ ಹಚ್ಚುವುದು, ಪುಸ್ತಕದ ಪ್ರಾಣಿಗೂ ಎದುರಿನ ಪ್ರಾಣಿಗೂ ವ್ಯತ್ಯಾಸ ಕಂಡಾಗ ಎದುರಿನದನ್ನು ಇನ್ನೊಮ್ಮೆ ನೋಡುವುದು. ಪತ್ರಿಕೆಗಳ ಹೆಸರೂ ಪಠ್ಯಕ್ರಮವೂ ಮತ್ತೆ ಬದಲಾಗಬಹುದು. ಪ್ರಾಣಿಶಾಸ್ತ್ರದ ಪದವೀಧರರಿಂದ ಪ್ರಯೋಗಾಲಯಗಳೂ ಇಲಾಖೆಗಳೂ ತರಗತಿಗಳೂ ನಿರೀಕ್ಷಿಸುವುದು ಈ ಮೂರನ್ನೇ.